ಕಬ್ಬಿಣದ ದನಿ ಕೇಳದ ಯಂತ್ರ

ಮೆಟಲ್ ಡಿಟೆಕ್ಟರ್ ಅಂದರೆ ನಮ್ಮ ಕಡೆಯ ಮಂದಿಗೆ ನೆನಪಾಗುವುದು ಒಂದು ಬಾಗಿಲು. ಮಂತ್ರಿಗಳ ಸಭೆ ಇದ್ದ ದಿನ ಪೆಂಡಾಲಿನ ಮುಂದೆ ಅದನ್ನು ನಿಲ್ಲಿಸುತ್ತಾರೆ. ಗೋಡೆ ಇಲ್ಲದ ಬಾಗಿಲು. ಅದರೊಳಗೇ ಹಾದು ಹೋಗಬೇಕು. ನಮ್ಮ ಅಜ್ಜಂದಿರು ಹಾದರೆ ಅದು ಕೂಗುತ್ತದೆ. "ಏನೈತಲೇ ಒಳಗ, ತಗಿ" ಅಂತಾನೆ ಪೊಲೀಸ. ಅಜ್ಜ ಸಂಚಿ ಬಿಚ್ಚಿ ಅಡಕೊತ್ತು ತೋರಿಸುತ್ತಾನೆ, ಸುಣ್ಣದ ಡಬ್ಬಿ ತೋರಿಸುತ್ತಾನೆ. ಅವನ ಹತ್ತಿರ ಇರುವ ಲೋಹ ಅಷ್ಟೇ.

ಈ ಯಂತ್ರಕ್ಕೆ ಇನ್ನೊಂದು ರೂಪವಿದೆ. ಉದ್ದನೆಯ ಕೋಲು, ತುದಿಗೆ ತಟ್ಟೆಯಂಥ ಸುರುಳಿ, ಕಿವಿಗೆ ಹೆಡ್‌ಫೋನು. ಇಂಗ್ಲೆಂಡಿನಲ್ಲಿ ಇದು ರಜೆಯ ದಿನದ ಹವ್ಯಾಸ. ಜಾಗದವರ ಅಪ್ಪಣೆ ಪಡೆದು ಹಗಲು ಹೊತ್ತಿನಲ್ಲೇ ಹೊಲಗಳಲ್ಲಿ, ನಗರದ ಉದ್ಯಾನಗಳಲ್ಲಿ ನಡೆದಾಡುತ್ತಾರೆ. ಹಳೇ ನಾಣ್ಯ, ಅಂಗಿಯ ಗುಂಡಿ, ಯಾರದೋ ಬೆರಳಿನಿಂದ ಜಾರಿದ ಉಂಗುರ ಸಿಗುತ್ತವೆ. ನಮ್ಮಲ್ಲಿ ಅದೇ ಯಂತ್ರ ಅಮಾಸಿ ರಾತ್ರಿ ಹಾಳುಗುಡಿಗಳ ಹಿಂದೆ, ಗುಡ್ಡದ ಕಲ್ಲುಗಳ ನಡುವೆ ಓಡಾಡುತ್ತದೆ. ಜತೆಗೆ ನಿಂಬೆಹಣ್ಣು, ಕುಂಕುಮ, ಹಾರೆ, ಸಲಿಕೆ. ಅದಕ್ಕೆ ನಾವು ಇಟ್ಟ ಹೆಸರು ನಿಧಿ.

ಯಂತ್ರದ ಗುಟ್ಟು ದೊಡ್ಡದೇನಲ್ಲ. ಸುರುಳಿಯಲ್ಲಿ ದಿಕ್ಕು ಬದಲಿಸುತ್ತ ವಿದ್ಯುತ್ತು ಹರಿಯುತ್ತದೆ. ಸುತ್ತಲೂ ಅಯಸ್ಕಾಂತದ ಕ್ಷೇತ್ರ ಹುಟ್ಟುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲೂ ವಿದ್ಯುತ್ತಿನ ಸಣ್ಣ ಸುಳಿಗಳು ಏಳುತ್ತವೆ. ಆ ಸುಳಿಗಳನ್ನು ಗುರುತಿಸಿ ಯಂತ್ರ ಕೂಗುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡು ಬಿದ್ದಾಗ ಟೆಲಿಫೋನಿನ ಗ್ರಹಾಂ ಬೆಲ್ ಇಂಥದೊಂದು ಯಂತ್ರ ಕಟ್ಟಿ ಮೈಯೊಳಗಿನ ಗುಂಡನ್ನು ಹುಡುಕಿದ. ಸಿಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾಟ್ಸ್ಕಿ ಎಂಬವನು ರೂಪಿಸಿದ ಯಂತ್ರ 1942ರಲ್ಲಿ ಎಲ್ ಅಲಮೇನ್ ಮರುಭೂಮಿಯಲ್ಲಿ ನೆಲಬಾಂಬುಗಳನ್ನು ಹುಡುಕಿ ಸಾಮಾನ್ಯ ಸಿಪಾಯಿಗಳ ಕಾಲು, ಜೀವ ಉಳಿಸಿತು. ಜೀವ ಉಳಿಸಲಿಕ್ಕೆ ಹುಟ್ಟಿದ ಯಂತ್ರ ನಮ್ಮ ನಾಡಿಗೆ ಬರುವಷ್ಟರಲ್ಲಿ ಗೋರಿ ಒಡೆಯುವ ಯಂತ್ರವಾಗಿದೆ.

ಬೆಂಗಳೂರಿನಲ್ಲಿ ದುಡಿಯುವ ನಮ್ಮ ಗೆಳೆಯನೊಬ್ಬ ಕೆಲವು ಸಾವಿರ ಕೊಟ್ಟು ಇಂಥ ಒಂದನ್ನು ಕೊಂಡು ತಂದಿದ್ದ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದಲೂ ನಮ್ಮ ಹುಡುಗರು ಬಂದರು. ಗಂಗಾವತಿ ತಾಲ್ಲೂಕಿನ ನಮ್ಮ ಕೇರಿಯ ಹಿಂದೆ ನಮ್ಮವರದೇ ಒಂದು ಖಾಲಿ ಜಾಗವಿದೆ. ಹುಡುಗರು ಅಲ್ಲಿ ಆಡುತ್ತವೆ, ಹೆಣ್ಣುಮಕ್ಕಳು ಮೆಣಸಿನಕಾಯಿ ಒಣಹಾಕುತ್ತಾರೆ, ಸಂಜೆ ಮುದುಕರು ಕೂರುತ್ತಾರೆ. ಪಟ್ಟಣದವರಿಗೆ ಪಾರ್ಕು ಹೆಂಗೋ ನಮಗೆ ಅದು ಹಂಗೆ. ಒಂದು ಭಾನುವಾರ ಹೊತ್ತು ಮೂಡುವ ಮುಂಚೆ ಅಲ್ಲಿ ಯಂತ್ರ ಹಿಡಿದು ನಿಂತೆವು. ಕೇರಿಯೆಲ್ಲ ಸುತ್ತ ನೆರೆಯಿತು.

ಯಂತ್ರ ಹೆಜ್ಜೆಗೊಂದು ಸಲ ಕೂಗಿತು. ಎತ್ತಿನ ಲಾಳ ಸಿಕ್ಕಿತು. ಬಾಗಿದ ಮೊಳೆಗಳು, ಬಂಡಿಗಾಲಿನ ಪಟ್ಟಿಯ ತುಂಡು, ಸೋಡಾ ಬಾಟಲಿಯ ಮುಚ್ಚಳ, ಮಾತ್ರೆಯ ಹಾಳೆ, ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯ. ಒಂದು ಕಡೆ ಗೇಣುದ್ದ ಕೆದರಿದಾಗ ಹಿಡಿ ಇಲ್ಲದ ಕುಡುಗೋಲು ಬಂತು. ಬೊಕ್ಕು ಹಲ್ಲಿನ ಆಯಿ ಅದನ್ನು ಕೈಗೆ ತಗೊಂಡು ಸೀರೆ ಸೆರಗಿನಿಂದ ಮಣ್ಣು ಒರಸಿದಳು. "ಯಪ್ಪಾ, ಇದು ನಮ್ಮ ಅತ್ತಿದು. ಹಿಡಿ ಮುರದಿತ್ತು. ಹುಡುಕಿ ಹುಡುಕಿ ಬಿಟ್ಟಿದ್ವಿ. ಇದರಲೇ ಎಷ್ಟು ಮಂದಿ ಗೌಡ್ರ ಜ್ವಾಳ ಕೊಯ್ದೀವಿ" ಅಂದಳು. ಕುಡುಗೋಲನ್ನು ವಾಪಸು ಕೊಡಲಿಲ್ಲ. ಮನೆಗೆ ಒಯ್ದಳು.

ಬೆಂಗಳೂರಿನ ಗೆಳೆಯನಿಗೆ ಬೇಸರ ಬಂತು. "ಬರೇ ಕಬ್ಬಿಣ ಬರಾಕತ್ತೈತಿ. ತಡೀರಿ, ನಾಬ್ ತಿರುವ್ತೀನಿ" ಅಂದ. ಆ ನಾಬಿನ ಕೆಲಸ ಕಬ್ಬಿಣದಂಥ ಕೀಳು ಲೋಹಗಳ ಸದ್ದನ್ನು ಅಡಗಿಸುವುದು. ಬೆಲೆಯುಳ್ಳದ್ದು ಎಂದು ಅಂದಾಜಾದುದಕ್ಕೆ ಮಾತ್ರ ಯಂತ್ರ ಕೂಗಬೇಕು. ಆ ನಾಬಿಗೆ ಕಂಪನಿಗಳು ಇಟ್ಟಿರುವ ಹೆಸರು ಡಿಸ್ಕ್ರಿಮಿನೇಷನ್!

ನಾವು ಓದಿದ ಮೊದಲ ತಲೆಮಾರು. ಈ ಪದ ನಮಗೆ ಗೊತ್ತಾದದ್ದು ಸಂವಿಧಾನದ 15ನೆಯ ವಿಧಿಯಲ್ಲಿ. ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವ ವಿಧಿ. ಮೊದಲು ನಕ್ಕೆವು. ಆಮೇಲೆ ಗೆಳೆಯ ನಾಬ್ ತಿರುವಿ, ಆಗಷ್ಟೇ ತೆಗೆದು ನೆಲದ ಮೇಲಿಟ್ಟಿದ್ದ ಲಾಳದ ಮೇಲೆ ಸುರುಳಿ ಆಡಿಸಿದ. ಲಾಳ ಕಣ್ಣೆದುರೇ ಇತ್ತು. ಯಂತ್ರ ಸುಮ್ಮನಿತ್ತು. ಆಗ ನಗು ನಿಂತಿತು.

ಇನ್ನೂ ಒಂದು ಮಾತು ಅವನೇ ಹೇಳಿದ. ಕಸ ಬೇಡವೆಂದು ನಾಬನ್ನು ಬಹಳ ತಿರುವಿದರೆ ತೆಳ್ಳನೆಯ ಬಂಗಾರದ ಉಂಗುರವೂ ಕೇಳಿಸುವುದಿಲ್ಲವಂತೆ. ಯಂತ್ರದ ಕಿವಿಯಲ್ಲಿ ಸಣ್ಣ ಬಂಗಾರವೂ ಮಾತ್ರೆಯ ಹಾಳೆಯೂ ಹೆಚ್ಚುಕಡಿಮೆ ಒಂದೇ ಸದ್ದು.

ಗೆಳೆಯರೇ, ನಮ್ಮ ಶಾಲೆಗಳಲ್ಲಿ ಓದಿಸುವ ಚರಿತ್ರೆ ಈ ನಾಬ್ ತಿರುವಿ ಬರೆದ ಚರಿತ್ರೆ. ಅದರಲ್ಲಿ ಕಿರೀಟ ಕೂಗುತ್ತದೆ, ಕಳಸ ಕೂಗುತ್ತದೆ, ಖಡ್ಗದ ಹಿಡಿಗೆ ಕೂರಿಸಿದ ರತ್ನ ಕೂಗುತ್ತದೆ. ಕುಡುಗೋಲು, ಲಾಳ, ಉಳಿ, ಹಾರೆ ಕೂಗುವುದಿಲ್ಲ. ಅವು ನೆಲದಲ್ಲಿಲ್ಲ ಎಂದಲ್ಲ.

ಮಧ್ಯಾಹ್ನ ಯಂತ್ರವನ್ನು ಮನೆಯಲ್ಲೇ ಬಿಟ್ಟು ಹಿರೇಬೆಣಕಲ್ಲಿಗೆ ಹೊರಟೆವು. ಅಲ್ಲಿಗೆ ಅದನ್ನು ಒಯ್ಯುವುದು ತಪ್ಪು ಎಂದು ಎಲ್ಲರೂ ಒಪ್ಪಿದೆವು. ಗಂಗಾವತಿಯಿಂದ ಕೊಪ್ಪಳದ ಕಡೆ ಬರುವಾಗ ಸಿಗುವ ಊರು ಅದು. ಊರು ದಾಟಿ, ಬಂಡೆಗಳ ನಡುವಿನ ಕಾಲುದಾರಿ ಹತ್ತಿದರೆ ಗುಡ್ಡದ ನೆತ್ತಿಯ ಮೇಲೆ ಇನ್ನೊಂದು ಊರು ಕಾಣುತ್ತದೆ. ಮನೆಗಳೆಲ್ಲ ಕಲ್ಲಿನವು. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಕೆಲವು ಆಳೆತ್ತರಕ್ಕಿಂತ ದೊಡ್ಡವು, ಕೆಲವು ಮೊಣಕಾಲೆತ್ತರದವು. ಇಂಥವು ಸುಮಾರು 400 ಇವೆ. ಕಬ್ಬಿಣದ ಯುಗದ ಮಂದಿ ಸತ್ತವರಿಗಾಗಿ, ಸತ್ತವರ ನೆನಪಿಗಾಗಿ ಕಟ್ಟಿದ ಇವಕ್ಕೆ ಎರಡು ಸಾವಿರದಿಂದ ಎರಡು ಸಾವಿರದ ಎಂಟುನೂರು ವರ್ಷ ವಯಸ್ಸು. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ಗುಡ್ಡದ ಹೆಸರು ಸೇರಿತು. ಊರವರಿಗೆ ಇದು ಮೋರ್ಯರ ಮನೆ. ಮೋರ್ಯರು ಅಂದರೆ ಗಿಡ್ಡ ಮಂದಿಯಂತೆ, ಮೂರಡಿ ಆಳುಗಳಂತೆ.

ಮೂರಡಿ ಆಳುಗಳು ಎತ್ತಿದ ಕಲ್ಲು ಎಷ್ಟು ಭಾರ? ಲೆಕ್ಕ ಹಾಕಿ ನೋಡಿದೆವು. ಎರಡು ಮೀಟರು ಉದ್ದ, ಎರಡು ಮೀಟರು ಅಗಲ, ಹತ್ತು ಸೆಂಟಿಮೀಟರು ದಪ್ಪದ ಬೆಣಚುಗಲ್ಲಿನ ಚಪ್ಪಡಿ ಒಂದು ಟನ್ನಿನ ಸುಮಾರು ತೂಗುತ್ತದೆ. ಅಂಥದನ್ನು ಸೀಳಿ, ಎಳೆದು, ನಿಲ್ಲಿಸಿ, ಮೇಲೊಂದನ್ನು ಹೊದಿಸಿದ್ದಾರೆ. ಕಲ್ಲು ತೆಗೆದ ಜಾಗವೇ ಗುಡ್ಡದ ಮೇಲೊಂದು ಕೆರೆಯಾಗಿದೆ. ಸಾವಿಗೆ ಮನೆ ಕಟ್ಟುವಾಗ ಬದುಕಿಗೆ ನೀರನ್ನೂ ಮಾಡಿಕೊಟ್ಟ ದುಡಿಮೆ ಅದು.

ಆ ಮಂದಿ ನಮ್ಮ ಪೂರ್ವಿಕರೇ ಎಂದು ನಾವು ಹಕ್ಕು ಹೇಳುವುದಿಲ್ಲ. ಅದಕ್ಕೆ ಪುರಾವೆ ಬೇಕು. ಅವರಲ್ಲಿ ಎಲ್ಲರೂ ಸಮಾನರಿದ್ದರು ಎಂದೂ ಹೇಳುವುದಿಲ್ಲ. ಅಲ್ಲಿಯೂ ದೊಡ್ಡ ಮನೆ ಇದೆ, ಸಣ್ಣ ಮನೆ ಇದೆ. ಆದರೆ ಆ ಕಲ್ಲಿನಲ್ಲಿ ಕೈಯ ಗುರುತು ಇದೆ. ಕೈಯ ಗುರುತು ಯಾವ ಜಾತಿಯದು ಎಂದು ಕಲ್ಲು ಹೇಳುವುದಿಲ್ಲ. ನಮಗೆ ಅಷ್ಟು ಸಾಕು.

ಕೆರೆಯ ದಂಡೆಯಲ್ಲಿ ಕೈಕಾಲು ಮುಖ ತೊಳೆದೆವು. ಆಗ ನಮ್ಮಲ್ಲೊಬ್ಬ 1934ರ ಮಾತು ತೆಗೆದ. ಆ ವರ್ಷ ಬಾಬಾಸಾಹೇಬ ಅಂಬೇಡ್ಕರರು ಸಂಗಾತಿಗಳ ಜತೆ ದೌಲತಾಬಾದ್ ಕೋಟೆ ನೋಡಲು ಹೋಗಿದ್ದರು. ಪ್ರಯಾಣದ ಧೂಳು ಮೆತ್ತಿತ್ತು. ಬಾಗಿಲ ಬಳಿಯ ಕೆರೆಯಲ್ಲಿ ಕೈಕಾಲು ಮುಖ ತೊಳೆದರು. ಅಸ್ಪೃಶ್ಯರು ಕೆರೆ ಮೈಲಿಗೆ ಮಾಡಿದರೆಂದು ಗದ್ದಲ ಎದ್ದಿತು. ಕೊನೆಗೆ ಒಳಗೆ ಬಿಟ್ಟರು, ಆದರೆ ಎಲ್ಲಿಯೂ ನೀರು ಮುಟ್ಟಬಾರದೆಂದು ಆಯುಧ ಹಿಡಿದ ಕಾವಲುಗಾರನನ್ನು ಜತೆಗೆ ಹಾಕಿದರು. ದೌಲತಾಬಾದೂ ನಿಜಾಮನ ರಾಜ್ಯ, ನಮ್ಮ ಕೊಪ್ಪಳವೂ ಆಗ ನಿಜಾಮನ ರಾಜ್ಯ. ಚರಿತ್ರೆ ನೋಡಲು ಹೋಗುವುದು ಕೂಡ ನಮ್ಮ ಹಿರಿಯರಿಗೆ ಹೋರಾಟವಾಗಿತ್ತು. ಹಾಗಾಗಿ ನಾವು ಈ ಗುಡ್ಡಕ್ಕೆ ಪಿಕ್‌ನಿಕ್ಕಿಗೆ ಬಂದವರಂತೆ ಬರಲಾರೆವು.

ಕಲ್ಲಿನ ಮನೆಗಳ ನಡುವೆ ನಡೆದಂತೆ ಎದೆ ಕುಸಿಯುತ್ತದೆ. ಎಷ್ಟೋ ಮನೆಗಳು ಮುಗ್ಗರಿಸಿವೆ. ಕೆಲವು ಕಾಲಕ್ಕೆ ಬಿದ್ದವು. ಇನ್ನು ಕೆಲವನ್ನು ಬೀಳಿಸಿದ್ದಾರೆ. ನೆಲದಲ್ಲಿ ಅಗೆದ ಗುಂಡಿಗಳು, ಬಗ್ಗಿಸಿದ ಚಪ್ಪಡಿಗಳು ಕಾಣುತ್ತವೆ. ಕುರಿ ಕಾಯುವ ಅಜ್ಜನೊಬ್ಬ ಬೀಡಿ ಹಚ್ಚುತ್ತ ಕೂತಿದ್ದ. "ಏನು ಸಿಗ್ತೈತಿ ಅಜ್ಜಾ ಅವರಿಗೆ?" ಎಂದು ಕೇಳಿದೆವು. "ಏನ್ ಸಿಗ್ತೈತಿ ತಮ್ಮಾ, ಮಣ್ಣು. ಏಳು ಕೊಪ್ಪರಿಗಿ ಹೊನ್ನು ಐತಿ ಅಂತ ಬರ್ತಾರ. ಇವರು ಹೊನ್ನಿದ್ದವರಾಗಿದ್ರ ಕಲ್ಲ ಯಾಕ ಹೊರತಿದ್ರು?" ಅಂದ.

ಅಜ್ಜ ಹೇಳಿದ್ದನ್ನೇ ಅಗೆತದ ಶಾಸ್ತ್ರವೂ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ಕಾಲದಿಂದ, 1975ರಲ್ಲಿ ದಕ್ಷಿಣ ಭಾರತದ ಕಲ್ಗೋರಿಗಳ ಬಗ್ಗೆ ಪುಸ್ತಕ ತಂದ ಅ. ಸುಂದರರವರೆಗೆ ಹಲವರು ಈ ಬಗೆಯ ಗೋರಿಗಳನ್ನು ಅಭ್ಯಾಸ ಮಾಡಿದ್ದಾರೆ. ಇಂಥ ಗೋರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಲುಬು, ಕಪ್ಪು-ಕೆಂಪು ಮಡಕೆ, ಮಣಿ, ಕಬ್ಬಿಣದ ಕತ್ತಿ, ಭರ್ಚಿ, ಕುಡುಗೋಲು. ಅಂದರೆ ನಮ್ಮ ಆಯಿ ಸೆರಗಿನಲ್ಲಿ ಒರಸಿಕೊಂಡು ಒಯ್ದದ್ದೇ. ನಿಧಿಗಳ್ಳನ ಯಂತ್ರದ ನಾಬ್ ಅಡಗಿಸುವುದು ಈ ಕಬ್ಬಿಣದ ದನಿಯನ್ನೇ. ಯಂತ್ರ ಸುಮ್ಮನಿದ್ದರೆ ಮಂತ್ರವಾದಿ ಕೂಗುತ್ತಾನೆ. ಅಗೆದು ಚೆಲ್ಲಾಪಿಲ್ಲಿ ಮಾಡಿದ ಮೇಲೆ ಮಡಕೆಯ ಪಕ್ಕದಲ್ಲಿ ಕತ್ತಿ ಇತ್ತೋ, ಕತ್ತಿಯ ಪಕ್ಕದಲ್ಲಿ ಕುಡುಗೋಲಿತ್ತೋ ಎಂದು ಹೇಳುವವರು ಯಾರೂ ಇಲ್ಲ. ಪುಸ್ತಕ ಹರಿದರೆ ಇನ್ನೊಂದು ಅಚ್ಚು ಹಾಕಬಹುದು. ಈ ಪುಸ್ತಕಕ್ಕೆ ಇರುವುದು ಒಂದೇ ಪ್ರತಿ.

ಹಾಗಾದರೆ ಬಂಗಾರದ ಕತೆ ಎಲ್ಲಿಂದ ಬಂತು? ಹೊಳೆಯಾಚೆ ಹಂಪಿ ಇದೆ, ಈಚೆ ಆನೆಗೊಂದಿ ಇದೆ. 1565ರ ಯುದ್ಧದ ಮೇಲೆ ಅರಸರು ಹೊನ್ನು ಹೂತಿಟ್ಟು ಓಡಿದರು ಎಂಬ ನಂಬಿಕೆ ನಾಲ್ಕೂ ತಾಲ್ಲೂಕಿನಲ್ಲಿದೆ. ಹಳೆಯ ಪೋರ್ಚುಗೀಸ್ ಬರಹವನ್ನು ನಂಬಿ ರಾಬರ್ಟ್ ಸೀವೆಲ್ ತನ್ನ 1900ರ ಪುಸ್ತಕದಲ್ಲಿ ಬರೆದಿರುವುದು ಬೇರೆ. ತಿರುಮಲರಾಯ 550 ಆನೆಗಳ ಮೇಲೆ ಸಂಪತ್ತು ಹೇರಿಕೊಂಡು ಪೆನುಕೊಂಡೆಯ ಕಡೆ ಹೋದನಂತೆ. ಆನೆ ಮೇಲೆ ಹೋದ ಹೊನ್ನನ್ನು ನಮ್ಮ ಮಂದಿ ಬಂಡೆ ಕೆಳಗೆ ಹುಡುಕುತ್ತಿದ್ದಾರೆ.

ನಂಬಿಕೆಗೆ ಹೊಟ್ಟೆಯ ಕಾರಣವೂ ಇದೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ. ಗಂಗಾವತಿಯಲ್ಲಿ ತುಂಗಭದ್ರೆಯ ಕಾಲುವೆ ನೀರು ಇದೆ, ಭತ್ತ ಇದೆ, ಆದರೆ ಭತ್ತ ನೆಡುವ ಕೈಗೆ ಗದ್ದೆ ಇಲ್ಲ. ಸಾಲ ಕುತ್ತಿಗೆಗೆ ಬಂದವನ ಕಿವಿಯಲ್ಲಿ ಮಂತ್ರವಾದಿ "ನಿನ್ನ ಹೊಲದಾಗ ನಿಧಿ ಐತಿ" ಎಂದು ಉಸುರಿದರೆ ಅವನು ಇದ್ದ ಎತ್ತನ್ನೂ ಮಾರುತ್ತಾನೆ. ಅಂಜನ ಹಾಕುವವನು ಬೇರೆ, ದುಡ್ಡು ಹಾಕುವವನು ಬೇರೆ. ಹಾರೆ ಹಿಡಿದು ಗುಂಡಿಗೆ ಇಳಿಯುವವನು ಮಾತ್ರ ನಮ್ಮವನು. ಪೊಲೀಸರು ಬಂದಾಗ ಗುಂಡಿಯೊಳಗೆ ಇರುವವನೂ ಅವನೇ. ನಿಧಿ ಬಲಿ ಕೇಳುತ್ತದೆ ಎಂಬ ಮಾತಂತೂ ಇನ್ನೂ ಘೋರ. ಕೋಟೆ ನಿಲ್ಲದಿದ್ದರೆ, ಕೆರೆ ಏರಿ ಒಡೆದರೆ ಬಲಿಯಾದವರ ಕತೆಗಳನ್ನು ನಮ್ಮ ಕೇರಿಗಳಲ್ಲಿ ಕೇಳಿ ನೋಡಿ. ನಿಧಿಗಾಗಿ ನಡೆಸುವ ಅಮಾನುಷ ಆಚರಣೆಗಳನ್ನು ಅಪರಾಧವೆಂದು ಕರ್ನಾಟಕದ 2017ರ ಕಾಯ್ದೆ ಹೇಳುತ್ತದೆ. ಈ ಕಾಯ್ದೆಯನ್ನು ಊರಿನ ಚಾವಡಿಯಲ್ಲಿ ಓದಿ ಹೇಳುವ ಕೆಲಸ ನಮ್ಮದು.

2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ನಡುಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದರು. ನಾಡೆಲ್ಲ ಸುದ್ದಿಯಾಯಿತು. ಭಕ್ತರು ಓಡಿ ಬಂದರು, ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿದರು, ಪೊಲೀಸರು ಕಳ್ಳರನ್ನು ಹಿಡಿದರು. ಅದು ಸರಿಯಾದ ಕೆಲಸ. ಯಾರ ಗೋರಿಯನ್ನೂ ಒಡೆಯಬಾರದು. ನಮ್ಮ ಪ್ರಶ್ನೆ ಒಂದೇ: ಮೋರ್ಯರ ಮನೆ ಬಿದ್ದಾಗ ನಾಡು ಯಾಕೆ ಬೆಚ್ಚಲಿಲ್ಲ? ಹೆಸರಿದ್ದ ಸಮಾಧಿಗೆ ವಾರಸುದಾರರಿದ್ದಾರೆ. ಹೆಸರಿಲ್ಲದ ಸಾವಿಗೆ ಯಾರು ವಾರಸುದಾರರು? ಇಲ್ಲಿಯೂ ಆ ನಾಬ್ ತಿರುಗಿದೆ.

ಕಾನೂನಿನ ಮಾತನ್ನೂ ಆಡಬೇಕು. 1878ರಲ್ಲಿ ಬ್ರಿಟಿಷರು ಮಾಡಿದ ನಿಧಿ ಕಾಯ್ದೆ, ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದಿತು. ವಾರಸುದಾರರು ಬರದಿದ್ದರೆ ಕಂಡವನಿಗೆ ಮುಕ್ಕಾಲು, ಜಾಗದ ಒಡೆಯನಿಗೆ ಕಾಲು ಎಂಬ ಲೆಕ್ಕವೂ ಅದರಲ್ಲಿತ್ತು. ನಮ್ಮ ರಾಜ್ಯ 1962ರಲ್ಲಿ ತನ್ನದೇ ಕಾಯ್ದೆ ಮಾಡಿತು. ಸಂರಕ್ಷಿತ ಸ್ಮಾರಕಗಳ ನೆಲವನ್ನು ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ. ಇಂಗ್ಲೆಂಡಿನಲ್ಲಿ 2009ರಲ್ಲಿ ಟೆರಿ ಹರ್ಬರ್ಟ್ ಎಂಬ ನಿರುದ್ಯೋಗಿ ಹಳೆಯ ಡಿಟೆಕ್ಟರ್ ಹಿಡಿದು ರೈತನೊಬ್ಬನ ಹೊಲದಲ್ಲಿ ನಡೆದಾಗ ಸ್ಟಾಫರ್ಡ್‌ಶೈರ್ ನಿಧಿ ಸಿಕ್ಕಿತು. ಅವನು ಅಧಿಕಾರಿಗಳಿಗೆ ತಿಳಿಸಿದ. ಶಾಸ್ತ್ರ ಬಲ್ಲವರು ಅಗೆದರು. ವಸ್ತುಸಂಗ್ರಹಾಲಯಗಳು ಸುಮಾರು 33 ಲಕ್ಷ ಪೌಂಡು ಕೊಟ್ಟು ಕೊಂಡವು. ಹಣವನ್ನು ಅವನೂ ರೈತನೂ ಹಂಚಿಕೊಂಡರು. ಬಡವ ಕಂಡದ್ದನ್ನು ಬಡವನೇ ಕಂಡನೆಂದು ಸರ್ಕಾರ ಬರೆದುಕೊಂಡಿತು. ಪಾಯ ತೋಡುವ ನಮ್ಮ ಕೂಲಿಯವನಿಗೆ ಏನಾದರೂ ಸಿಕ್ಕರೆ ಕಂಡವನೆಂದು ಯಾರ ಹೆಸರು ಬರೆಯುತ್ತಾರೆ? ಸಾಹುಕಾರನದೋ, ಕೂಲಿಯವನದೋ? ಭಯವಿಲ್ಲದೆ ತಿಳಿಸುವ ದಾರಿ ಬಡವನಿಗೆ ಇಲ್ಲದಿದ್ದರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ.

ಬಂಗಾರ ಹುಡುಕಲು ಹೋದವನೊಬ್ಬನಿಗೆ ಬಂಗಾರಕ್ಕಿಂತ ದೊಡ್ಡದು ಸಿಕ್ಕ ಕತೆಯೂ ನಮ್ಮ ನೆಲದಲ್ಲೇ ಇದೆ. 1997ರವರೆಗೆ ನಮ್ಮ ನಾಲ್ಕೂ ತಾಲ್ಲೂಕುಗಳು ರಾಯಚೂರು ಜಿಲ್ಲೆಯವು. ಅದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ನಿಕ್ಷೇಪ ಅರಸುತ್ತಿದ್ದ. ಬಂಡೆಯ ಮೇಲೆ ಅಕ್ಷರ ಕಂಡ. ಅಲ್ಲಿಯತನಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಓದಿಕೊಂಡು ಬಂದಿದ್ದ ದೊರೆ ಅಶೋಕನೇ ಎಂದು ಆ ಬಂಡೆಯಿಂದ ಖಾತ್ರಿಯಾಯಿತು. 1931ರಲ್ಲಿ ಕೊಪ್ಪಳದ ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಎನ್.ಬಿ. ಶಾಸ್ತ್ರಿಯವರು ಅದೇ ದೊರೆಯ ಇನ್ನೆರಡು ಶಾಸನಗಳನ್ನು ಗುರುತಿಸಿದರು. ಮರುವರ್ಷ ಟರ್ನರ್ ಎಂಬ ವಿದ್ವಾಂಸ ಅವನ್ನು ಓದಿ ಪ್ರಕಟಿಸಿದ.

ಏನು ಬರೆದಿದೆ ಅಲ್ಲಿ? ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: ದೊಡ್ಡವರಿಗೆ ಮಾತ್ರ ಸಿಗುವುದು ಎಂದು ತಿಳಿಯಬೇಡಿ, ಸಣ್ಣವನೂ ಪ್ರಯತ್ನ ಮಾಡಿದರೆ ದೊಡ್ಡ ಸ್ವರ್ಗ ಸಾಧಿಸಬಲ್ಲ. ಅಶೋಕನನ್ನು ನಾವು ಪೂಜೆ ಮಾಡುವುದಿಲ್ಲ. ಕಳಿಂಗದಲ್ಲಿ ಲಕ್ಷ ಮಂದಿಯನ್ನು ಕೊಂದ ದೊರೆ ಅವನು. ಪಶ್ಚಾತ್ತಾಪ ಪಡುವ ಶಾಸನದಲ್ಲೇ ಕಾಡಿನ ಮಂದಿಯನ್ನು ಹೆದರಿಸಿದವನು. ಸ್ವರ್ಗದ ಮೇಲೂ ನಮಗೆ ಆಸೆ ಇಲ್ಲ. ಆದರೆ ಸಣ್ಣವನೂ ಎಂಬ ಮಾತು ಎರಡು ಸಾವಿರದ ಇನ್ನೂರು ವರ್ಷದಿಂದ ಕೊಪ್ಪಳದ ಬಂಡೆಯ ಮೇಲಿದೆ. ಅದರ ಕೆಳಗೇ ನಮ್ಮ ಹಿರಿಯರು ಸೌದೆ ಹೊತ್ತು ಹಾದಿದ್ದಾರೆ. ಅವರಿಗೆ ಓದಲು ಬರಲಿಲ್ಲ. ಓದಬಲ್ಲವರು ಅವರಿಗೆ ಅಕ್ಷರ ಕೊಡಲಿಲ್ಲ.

2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸೊಂದು ಹನುಮಪ್ಪನ ಗುಡಿಯೊಳಗೆ ಓಡಿತು. ಗುಡಿ ಶುದ್ಧಿ ಮಾಡಲು ಸಾವಿರಾರು ರೂಪಾಯಿ ಕೊಡಬೇಕೆಂದು ತಂದೆತಾಯಿಗೆ ಹೇಳಿದರು. ಆಮೇಲೆ ಕೇಸಾಯಿತು, ಬಂಧನವಾಯಿತು. ಸಣ್ಣವನೂ ಎಂದು ಬರೆದ ಬಂಡೆ ಅದೇ ಜಿಲ್ಲೆಯ ತಲೆಪಟ್ಟಣದಲ್ಲಿದೆ. ಬಂಡೆ ಸುಮ್ಮನಿಲ್ಲ. ನಾಡಿನ ಕಿವಿಗೆ ನಾಬ್ ತಿರುವಿದ್ದಾರೆ.

ಊರ ಶಾಲೆಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ, ಸಂಘಟನೆಯ ಸಂಗಾತಿಗಳಿಗೆ ನಮ್ಮ ಮಾತು ಇಷ್ಟೇ. ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ವರ್ಷ ಒಂದು ದಿನ ಹಿರೇಬೆಣಕಲ್ಲಿಗೂ, ಗವಿಮಠದ ಗುಡ್ಡಕ್ಕೂ ಕರೆದೊಯ್ಯಿರಿ. ಚಪ್ಪಡಿಯ ಅಳತೆ ತೆಗೆಸಿ, ಭಾರದ ಲೆಕ್ಕ ಹಾಕಿಸಿ. ಹೊಸ ಗುಂಡಿ ಕಂಡರೆ ತಾರೀಖು ಹಾಕಿ ಬರೆದಿಡಿ, ಹತ್ತು ಮಂದಿ ಸಹಿ ಮಾಡಿ ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಕೊಡಿ. ಹೊಲದಲ್ಲಿ ಏನಾದರೂ ಸಿಕ್ಕರೆ ಒಬ್ಬರೇ ಹೋಗಬೇಡಿ, ಸಂಘದವರನ್ನು ಜತೆಗೆ ಕರಕೊಂಡು ಹೋಗಿ, ಕಂಡವರ ಹೆಸರು ಬರೆಸಿ ರಸೀದಿ ಪಡೆಯಿರಿ. ಕೇರಿಯ ಮುದುಕಿಯರ ಹತ್ತಿರ ಇರುವ ಮುರುಕು ಕುಡುಗೋಲು, ಬೀಸುಕಲ್ಲು, ಹರಿದ ಹಲಗೆಯ ಬಳೆ ಇವುಗಳ ಕತೆ ಕೇಳಿ ಬರೆದುಕೊಳ್ಳಿ. ಅದಕ್ಕೆ ಯಂತ್ರ ಬೇಡ.

ಹೊತ್ತು ಇಳಿಯುವಾಗ ಗುಡ್ಡದ ಇನ್ನೊಂದು ಬದಿಗೆ ಹೋದೆವು. ಅಲ್ಲಿ ಎತ್ತರದ ಬಂಡೆಯ ಮೇಲೆ ಅರ್ಧ ಗೋಳದಂಥ ಒಂದು ಕಲ್ಲು ಕೂತಿದೆ. ಎರಡು ಮೀಟರಿಗೂ ಅಗಲ. ಬಡಿದರೆ ನಗಾರಿಯಂತೆ ಸದ್ದು ಬರುತ್ತದೆ, ಕಿಲೋಮೀಟರು ದೂರಕ್ಕೂ ಕೇಳುತ್ತದೆ ಎನ್ನುತ್ತಾರೆ. ಸಾವಿಗೆ ಬಡಿದರೋ, ಅಪಾಯಕ್ಕೆ ಬಡಿದರೋ, ಮಂದಿಯನ್ನು ಕೂಡಿಸಲು ಬಡಿದರೋ. ನಮ್ಮ ಮನೆತನಗಳು ತಲೆತಲಾಂತರ ಊರಿನ ಹೆಣಕ್ಕೂ ಹಬ್ಬಕ್ಕೂ ಹಲಗೆ ಬಡಿದವು. ಕೈ ತಾನಾಗೇ ಎದ್ದಿತು. ಹಳೆಯ ಕಲ್ಲಿಗೆ ಪೆಟ್ಟಾಗಬಾರದೆಂದು ಬಡಿಯಲಿಲ್ಲ. ಅಂಗೈ ಊರಿ ನಿಂತೆವು. ದಿನದ ಬಿಸಿಲು ಕಲ್ಲಿನಲ್ಲಿ ಇನ್ನೂ ಇತ್ತು. ಕೆಳಗೆ ಅಜ್ಜ ಕುರಿ ಹೊಡೆದುಕೊಂಡು ಇಳಿಯುತ್ತಿದ್ದ. ನಾವೂ ಅವನ ಹಿಂದೆ ಇಳಿದೆವು.